ಕೆಂಪು ಶಾಯಿಯ ಸರಿ ಉತ್ತರ

ಅವರ ಬಲಗೈಯ ನಡುಬೆರಳಿನ ಮೇಲೆ ಕೆಂಪು ಶಾಯಿಯ ಕಲೆಯೊಂದು ಸದಾ ಇರುತ್ತಿತ್ತು. ಸಾಬೂನು ಹಾಕಿ ತಿಕ್ಕಿದರೂ ಹೋಗದ ಕಲೆ. ಎಲ್ಲರೂ ಬಾಲ್ ಪೆನ್ನಿಗೆ ಬಂದು ಎಷ್ಟೋ ಕಾಲವಾದ ಮೇಲೂ ಅವರು ಒಂದು ದಪ್ಪನೆಯ ಇಂಕ್ ಪೆನ್ನನ್ನೇ ಹಿಡಿದುಕೊಂಡಿದ್ದರು, ಅದು ಸೋರುತ್ತಿತ್ತು. ಏರ್‌ಪೋರ್ಟ್ ಡ್ಯೂಟಿಗೆ ಬಂದಾಗ ಅದನ್ನೂ ತಂದರು. ಬೆಳ್ಳಗಿನ ಗ್ಲೌಸಿನ ಬೆರಳು ಮಧ್ಯಾಹ್ನದ ಹೊತ್ತಿಗೆ ಕೆಂಪಗಾಗಿರುತ್ತಿತ್ತು. ವಿಮಾನದಿಂದ ಇಳಿದು ಬಂದವರು ಅದನ್ನು ರಕ್ತವೆಂದು ತಿಳಿದು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಅವರು ಹಾಗೆ ಹೆದರುವುದು ನಮ್ಮ ಹೆಡ್ ಟೀಚರಿಗೆ ಖುಷಿ ಕೊಡುತ್ತಿತ್ತು ಎಂದೇ ನನ್ನ ಅನುಮಾನ.

ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ತೀರಿಹೋದವರ ಬಗ್ಗೆ ಬರೆಯಲು ಕೂತರೆ ಪೆನ್ನು ತಾನಾಗಿಯೇ ಮೆತ್ತಗಾಗುತ್ತದೆ. ಮುಂಬಯಿಯ ಆಂಟಾಪ್ ಹಿಲ್ ಕಡೆಯ ಮುನ್ಸಿಪಲ್ ಕನ್ನಡ ಶಾಲೆಯಲ್ಲಿ ಅವರು ನನಗೂ ನನ್ನ ತಮ್ಮನಿಗೂ ಪಾಠ ಹೇಳಿದವರು. ಮುಂದೆ ನಾನು ಅದೇ ಶಾಲೆಗೆ ಟೀಚರಾಗಿ ಸೇರುವ ಹೊತ್ತಿಗೆ ಅವರು ಹೆಡ್ ಟೀಚರ್ ಆಗಿದ್ದರು. ಮೈಸೂರು ಕಡೆಯವರು. ಮೂವತ್ತು ವರ್ಷ ಇಲ್ಲಿದ್ದರೂ ಅವರ ಕನ್ನಡಕ್ಕೆ ಮುಂಬಯಿಯ ಗಾಳಿ ಸೋಕಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಅವರು ಕಾಲಿಟ್ಟರೆ ನಗು ನಿಲ್ಲುತ್ತಿತ್ತು. ಐದು ನಿಮಿಷ ತಡವಾಗಿ ಬಂದ ಬಸುರಿ ಟೀಚರಿಗೆ ಮೆಮೊ ಕೊಟ್ಟವರು. ನನ್ನ ಮದುವೆಯ ಕರೆಯೋಲೆಯಲ್ಲಿ ಎರಡು ತಪ್ಪು ಹುಡುಕಿ, ತಿದ್ದಿ, ಮರಳಿ ಕಳಿಸಿ, ಮದುವೆಗೆ ಬಾರದೆ ಉಳಿದವರು.

ಅವರ ತಿದ್ದುವಿಕೆಗೆ ಒಂದು ಪದ್ಧತಿ ಇತ್ತು. ಬರೇ ಗೀಟು ಹಾಕಿ ಬಿಡುತ್ತಿರಲಿಲ್ಲ. ಪ್ರತಿ ತಪ್ಪಿನ ಪಕ್ಕದಲ್ಲೂ ಸರಿ ಉತ್ತರವನ್ನು ತಾವೇ ಬರೆದು, ಕೆಳಗೆ ಚಿಕ್ಕದಾಗಿ ಸಹಿ ಮಾಡುತ್ತಿದ್ದರು. ಎಂಬತ್ತು ಮಕ್ಕಳ ಪರೀಕ್ಷಾ ಕಾಗದವಿದ್ದರೂ ಅಷ್ಟೇ. ಹೊಸದಾಗಿ ಸೇರಿದ ನಾನು ತಿದ್ದಿದ ಕಾಗದಗಳನ್ನು ನೋಡಿ ಅವರು ಮೇಜಿನ ಮೇಲೆ ಎಸೆದದ್ದು ನನಗೆ ನೆನಪಿದೆ.

"ತಪ್ಪು ಅಂತ ಹೇಳೋದು ಯಾರ್ ಬೇಕಾದ್ರೂ ಹೇಳ್ತಾರೆ ಕಣಮ್ಮ. ಸರಿ ಯಾವ್ದು ಅಂತ ಬರಿ. ಬರ್ದು ಸೈನ್ ಹಾಕು. ನಾಳೆ ಯಾರಾದ್ರೂ ಕೇಳಿದ್ರೆ ನಾನೇ ಹೇಳ್ದೆ ಅನ್ನೋ ಧೈರ್ಯ ಇರ್ಬೇಕು."

ಅವತ್ತು ನಾನು ಬಾತ್‌ರೂಮಿಗೆ ಹೋಗಿ ಅತ್ತೆ. ಆಮೇಲೆ ಅಳುವುದನ್ನು ಬಿಟ್ಟು ಬೈಯುವುದನ್ನು ಕಲಿತೆ, ಮನಸ್ಸಿನಲ್ಲೇ.

ಕಾಯಿಲೆಯ ವರ್ಷ ಶಾಲೆಗಳು ಮುಚ್ಚಿದವು. ನಮ್ಮನ್ನು ಮನೆಯಲ್ಲಿ ಕೂರಲು ಬಿಡಲಿಲ್ಲ. ಕೆಲವರನ್ನು ರೇಷನ್ ಹಂಚಲು ಹಾಕಿದರು, ಕೆಲವರನ್ನು ಚಾಳುಗಳಲ್ಲಿ ಜ್ವರ ನೋಡಲು. ಹೆಡ್ ಟೀಚರಿಗೂ ನನಗೂ ಏರ್‌ಪೋರ್ಟ್ ಬಂತು. ಮಾಮೂಲಿ ವಿಮಾನಗಳೆಲ್ಲ ನಿಂತಿದ್ದವು. ಹೊರದೇಶಗಳಲ್ಲಿ ಸಿಕ್ಕಿಹಾಕಿಕೊಂಡವರನ್ನು ತರುವ ವಿಶೇಷ ವಿಮಾನಗಳು ಮಾತ್ರ ಇಳಿಯುತ್ತಿದ್ದವು. ಬಂದವರೆಲ್ಲ ಏಳು ದಿನ ಹೊಟೇಲಿನಲ್ಲಿ ಬೇರೆಯಾಗಿ ಇರಬೇಕು, ಆಮೇಲೆ ಮನೆ. ಬಸುರಿಯರಿಗೆ, ಚಿಕ್ಕ ಮಕ್ಕಳಿರುವವರಿಗೆ, ಮನೆಯಲ್ಲಿ ಸಾವಾದವರಿಗೆ ವಿನಾಯಿತಿ. ಬಂದವರ ಫಾರ್ಮು ನೋಡಿ, ಹೊಟೇಲಿನ ಬಸ್ಸೋ ಮನೆಯ ದಾರಿಯೋ ಎಂದು ಹೇಳುವುದು ನಮ್ಮ ಮೇಜುಗಳ ಕೆಲಸ.

ಅಲ್ಲಿ ಪ್ರೀತಿಯಿಂದ ಮಾತಾಡಿದವರು ಯಾರೂ ಇಲ್ಲ. ಹನ್ನೆರಡು ಗಂಟೆ ಮಾಸ್ಕ್ ಹಾಕಿಕೊಂಡು ಬಂದವರಿಗೆ ನಾವೇ ಸರ್ಕಾರ, ನಾವೇ ಕಾಯಿಲೆ. ಹಿಂದಿಯಲ್ಲಿ ಬೈದರು, ಇಂಗ್ಲಿಷಿನಲ್ಲಿ ಬೈದರು, ಒಬ್ಬರು ಪಾಸ್‌ಪೋರ್ಟನ್ನು ನನ್ನ ಮುಖಕ್ಕೇ ಎಸೆದರು. ಮನೆಗೆ ಬಂದರೆ ಕಾಂದಿವಲಿಯ ನಮ್ಮ ಬಿಲ್ಡಿಂಗಿನವರು ನಾನು ಮುಟ್ಟಿದ ಗೇಟಿಗೆ ಔಷಧಿ ಹೊಡೆಸುತ್ತಿದ್ದರು. ಆಂಟಾಪ್ ಹಿಲ್‌ನಲ್ಲಿ ಹೆಡ್ ಟೀಚರ ಬಿಲ್ಡಿಂಗಿನಲ್ಲಂತೂ ಒಂದು ನೋಟಿಸೇ ಅಂಟಿಸಿದ್ದರು: ಏರ್‌ಪೋರ್ಟ್ ಡ್ಯೂಟಿಯವರು ಲಿಫ್ಟ್ ಬಳಸಬಾರದು. ಅವರು ಆ ನೋಟಿಸಿಗೆ ಕೆಂಪು ಗೀಟು ಎಳೆದು, ಪಕ್ಕದಲ್ಲಿ 'ಬಳಸಬಹುದು' ಎಂದು ಮರಾಠಿಯಲ್ಲಿ ಬರೆದು, ಸಹಿ ಹಾಕಿ ಮೇಲೆ ಹೋದರಂತೆ. ಮರುದಿನ ಸೊಸೈಟಿಯವರು ಲಿಫ್ಟನ್ನೇ ಬಂದ್ ಮಾಡಿದರು. ಎರಡು ತಿಂಗಳು ಇಡೀ ಬಿಲ್ಡಿಂಗು ಮೆಟ್ಟಿಲು ಹತ್ತಿತು. ಇದನ್ನು ನನಗೆ ಹೇಳುವಾಗ ಅವರು ನಕ್ಕದ್ದನ್ನು ಕಂಡೆ, ಅದೂ ಕನ್ನಡಕದೊಳಗಿನ ಕಣ್ಣಲ್ಲಿ ಮಾತ್ರ.

ದಿನಾ ಬೆಳಿಗ್ಗೆ ಅವರು ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಿದ್ದರು. ನನ್ನ ಆರೋಗ್ಯವನ್ನಲ್ಲ, ನನ್ನ ಅಪ್ಪನದ್ದು. ಅಪ್ಪ ಹೊಟೇಲಿನಲ್ಲಿ ಅಡುಗೆಯವರಾಗಿದ್ದವರು. ನಾವು ಆಂಟಾಪ್ ಹಿಲ್‌ನಲ್ಲಿದ್ದ ಕಾಲದಲ್ಲಿ ಶಾಲೆಯ ವಾರ್ಷಿಕೋತ್ಸವಕ್ಕೆ ಪ್ರತಿ ವರ್ಷ ಅವರೇ ಬಂದು ಗೋಳಿಬಜೆ ಕರಿದು ಕೊಡುತ್ತಿದ್ದರು. ಹೆಡ್ ಟೀಚರು ಜೀವಮಾನದಲ್ಲಿ ತಪ್ಪು ಹುಡುಕದೆ ಬಿಟ್ಟದ್ದು ಆ ಬಜೆಯೊಂದರಲ್ಲೇ. ಎಂಬತ್ತು ದಾಟಿದ್ದ ಅಪ್ಪ ಈಗ ನನ್ನ ಜೊತೆ ಕಾಂದಿವಲಿಯಲ್ಲಿದ್ದರು. ವಯಸ್ಸಿನ ಸುಸ್ತು ಬಿಟ್ಟರೆ ಚೆನ್ನಾಗಿಯೇ ಇದ್ದರು.

ಅಪ್ಪನಿಗೆ ಇದ್ದದ್ದು ಒಂದೇ ಹಂಬಲ, ನನ್ನ ತಮ್ಮ. ಅವನು ಮಸ್ಕತ್ತಿನಲ್ಲಿ ಹೊಟೇಲಿನ ಕೆಲಸಕ್ಕೆ ಹೋಗಿ ನಾಲ್ಕು ವರ್ಷವಾಗಿತ್ತು. ಹೊಟೇಲು ಮುಚ್ಚಿ, ಕೆಲಸ ಹೋಗಿ, ಕೊನೆಗೆ ಒಂದು ವಿಮಾನದಲ್ಲಿ ಸೀಟು ಸಿಕ್ಕಿತು. ಅಪ್ಪ ಅವತ್ತಿನಿಂದ ಬಾಗಿಲ ಕಡೆ ಮುಖ ಮಾಡಿ ಕೂರತೊಡಗಿದರು. ಏಳು ದಿನ ಅವನು ಸಾಂತಾಕ್ರೂಜ್‌ನ ಹೊಟೇಲಿನಲ್ಲಿರಬೇಕು ಎಂದರೆ ಅವರಿಗೆ ಅರ್ಥವೇ ಆಗುತ್ತಿರಲಿಲ್ಲ. ಊರಿಗೆ ಬಂದವನು ಮನೆಗೆ ಯಾಕೆ ಬರುವುದಿಲ್ಲ ಎಂದು ಹಟ ಹಿಡಿದು ಕೇಳುತ್ತಿದ್ದರು.

ಉಪಾಯ ಹೇಳಿಕೊಟ್ಟವಳು ನಾನು. ವಿನಾಯಿತಿ ಫಾರ್ಮಿನಲ್ಲಿ ತಂದೆ ತೀರಿಕೊಂಡಿದ್ದಾರೆ ಎಂದು ಬರೆ, ಸ್ಥಳೀಯ ಸಂಬಂಧಿಕರ ಜಾಗದಲ್ಲಿ ನನ್ನ ಹೆಸರು ಹಾಕು, ಸೀದಾ ನನ್ನ ಮೇಜಿಗೆ ಬಾ, ನಾನು ಸೀಲು ಒತ್ತುತ್ತೇನೆ ಎಂದು ಫೋನಿನಲ್ಲಿ ಹೇಳಿದೆ. ಅವನು, ಅಕ್ಕ, ಅದು ಬರೆಯಲು ಕೈ ಬರುವುದಿಲ್ಲ ಎಂದ. ನಾನು ಅವನನ್ನು ಗದರಿಸಿದೆ.

ಆ ದಿನ ಬೆಳಿಗ್ಗೆಯೂ ಹೆಡ್ ಟೀಚರು ಅಪ್ಪನನ್ನು ವಿಚಾರಿಸಿದರು. ಚೆನ್ನಾಗಿದ್ದಾರೆ, ಗಂಜಿ ಕುಡಿದು ಕೂತಿದ್ದಾರೆ ಎಂದು ನಾನು ಅಭ್ಯಾಸಬಲದಿಂದ ಹೇಳಿದೆ. ಸಾಲದ್ದಕ್ಕೆ ಅಪ್ಪ ಕಳಿಸಿದ್ದ ಚಟ್ನಿಪುಡಿಯ ಡಬ್ಬಿಯನ್ನೂ ಕೊಟ್ಟೆ.

ಹನ್ನೊಂದರ ಹೊತ್ತಿಗೆ ಮಸ್ಕತ್ತಿನ ವಿಮಾನದವರು ಬಂದರು. ಸಾಲಿನಲ್ಲಿ ತಮ್ಮನನ್ನು ಗುರುತಿಸಿದೆ, ಭುಜ ಇಳಿದುಹೋಗಿತ್ತು. ಅವನಿಗೆ ಕೈ ಮಾಡಬೇಕು ಎನ್ನುವಷ್ಟರಲ್ಲಿ ಸೆಕ್ಯುರಿಟಿಯವನು ಸಾಲನ್ನು ಎರಡು ಮಾಡಿದ. ತಮ್ಮ ಹೆಡ್ ಟೀಚರು ಕೂತಿದ್ದ ಪಕ್ಕದ ಮೇಜಿಗೆ ಹೋದ. ತಲೆಯಿಂದ ಕಾಲಿನವರೆಗೆ ಬಿಳಿ ಪ್ಲಾಸ್ಟಿಕ್ಕಿನಲ್ಲಿದ್ದ ಇಬ್ಬರು ಹೆಂಗಸರಲ್ಲಿ ತನ್ನ ಅಕ್ಕ ಯಾರೆಂದು ಅವನಿಗೆ ತಿಳಿಯುವಂತಿರಲಿಲ್ಲ. ನನ್ನ ಮೇಜೆಂದೇ ತಿಳಿದು ಧೈರ್ಯವಾಗಿ ಫಾರ್ಮು ಮುಂದಿಟ್ಟ.

ಹೆಡ್ ಟೀಚರು ಓದಿದರು. ಮತ್ತೊಮ್ಮೆ ಓದಿದರು. ತಂದೆ ಯಾವಾಗ ತೀರಿಕೊಂಡರು ಎಂದು ಕನ್ನಡದಲ್ಲಿ ಕೇಳಿದರು. ಆ ದನಿಗೆ ನನ್ನ ತಮ್ಮನ ಬೆನ್ನು ನೆಟ್ಟಗಾಯಿತು. ನಿನ್ನೆ ಸಂಜೆ ಎಂದ. ಅವರು ನನ್ನ ಕಡೆ ತಿರುಗಿದರು.

"ಹಂಗಾದ್ರೆ ಬೆಳಿಗ್ಗೆ ಗಂಜಿ ಕುಡ್ದೋರು ಯಾರಮ್ಮ?"

ಅವರು ಫಾರ್ಮಿನ ಮೇಲೆ ಏನೋ ಗೀಚಿ, ಮಡಚಿ, ತಮ್ಮ ಚೀಲಕ್ಕೆ ಹಾಕಿಕೊಂಡರು. ಇನ್ನೊಂದು ಖಾಲಿ ಫಾರ್ಮನ್ನು ತಮ್ಮನ ಮುಂದೆ ತಳ್ಳಿ, ವಿನಾಯಿತಿ ಇಲ್ಲವೆಂದು ಬರೆಸಿ, ಅವನ ಕೈಯ ಹಿಂಭಾಗಕ್ಕೆ ಸೀಲು ಒತ್ತಿ ಹೊಟೇಲಿನ ಬಸ್ಸಿಗೆ ಕಳಿಸಿದರು. ನಾನು ಅವರ ಬಳಿ ಹೋಗಿ, ಮುದುಕರು ಕಾಯುತ್ತಿದ್ದಾರೆ, ಬಿಟ್ಟುಬಿಡಿ ಎಂದು ಬೇಡಿಕೊಂಡೆ. ಅವರು ಮುಂದಿನವರನ್ನು ಕರೆದರು.

ಬಸ್ಸಿನಿಂದಲೇ ತಮ್ಮ ಫೋನ್ ಮಾಡಿ ತುಳುವಿನಲ್ಲಿ ನನ್ನನ್ನೂ ಅವರನ್ನೂ ಸೇರಿಸಿ ಬೈದ. ನಾನು ನನ್ನ ಪಾಲಿನದ್ದನ್ನೂ ಅವರ ಹೆಸರಿಗೇ ದಾಟಿಸಿ ಬೈದುಕೊಂಡೆ. ಮುಂದಿನ ಮೂರು ದಿನ ಒಂದೇ ಮೇಜಿನ ಅಂತರದಲ್ಲಿ ಕೂತು ಅವರ ಜೊತೆ ಒಂದು ಮಾತೂ ಆಡಲಿಲ್ಲ. ಅವರು ಅಪ್ಪನನ್ನು ವಿಚಾರಿಸುವುದನ್ನು ನಿಲ್ಲಿಸಲಿಲ್ಲ, ನಾನು ಉತ್ತರ ಕೊಡಲಿಲ್ಲ. ಮನೆಯಲ್ಲಿ ಅಪ್ಪ ಮೊಬೈಲಿನಲ್ಲಿ ಮಗನ ಮುಖ ನೋಡಿ, ಇಷ್ಟು ಹತ್ತಿರ ಇದ್ದೂ ಹೀಗೆ ಯಾಕೆ ಮಾತಾಡುವುದು ಎಂದು ಫೋನನ್ನು ನನ್ನ ಕೈಗೆ ಕೊಟ್ಟುಬಿಡುತ್ತಿದ್ದರು.

ನಾಲ್ಕನೆಯ ದಿನ ನನಗೆ ರಜೆ. ಮಧ್ಯಾಹ್ನ ಊಟ ಮಾಡಿ ಮಲಗಿದ ಅಪ್ಪ ಚಹಾಕ್ಕೆ ಏಳಲಿಲ್ಲ. ಬಿಲ್ಡಿಂಗಿನ ಡಾಕ್ಟರು ಬಂದು ನೋಡಿ, ಹೃದಯ ನಿಂತಿದೆ ಎಂದು ಬರೆದುಕೊಟ್ಟರು.

ತಮ್ಮನಿಗೆ ಹೇಳುವುದಕ್ಕೆ ಮೊದಲು ನಾನು ಹೆಡ್ ಟೀಚರಿಗೆ ಫೋನ್ ಮಾಡಿದೆ. ದುಃಖ ಹೇಳಿಕೊಳ್ಳಲು ಅಲ್ಲ, ಚುಚ್ಚಲು. ಈಗ ನಿಜವಾಗಿಯೂ ಸತ್ತಿದ್ದಾರೆ ಟೀಚರ್, ಈಗಲಾದರೂ ಬಿಡುತ್ತೀರಾ ಎಂದು ಕೇಳಿದೆ. ಅವರು ಡಾಕ್ಟರ ಕಾಗದದ ಫೋಟೊ ಕಳಿಸು ಎಂದು ಹೇಳಿ ಫೋನ್ ಇಟ್ಟರು. ಒಂದು ಸಮಾಧಾನದ ಮಾತಿಲ್ಲ.

ಮುಂದೆ ನಡೆದದ್ದನ್ನು ತಮ್ಮ ಹೇಳಿದ. ಅವರು ಡ್ಯೂಟಿಯಿಂದ ಎದ್ದು, ಬಸ್ಸು ಸಿಗದೆ, ಆ ಪ್ಲಾಸ್ಟಿಕ್ ಬಟ್ಟೆಯಲ್ಲೇ ಸಾಂತಾಕ್ರೂಜ್‌ನ ಹೊಟೇಲಿನವರೆಗೆ ನಡೆದುಹೋಗಿದ್ದರು. ಬೆವರಿಗೆ ಕನ್ನಡಕ ಮಂಜಾಗಿ ಮೆಟ್ಟಿಲಲ್ಲಿ ಎಡವಿದರಂತೆ. ಹೊಟೇಲಿನ ಡ್ಯೂಟಿ ಆಫೀಸರು ಕಾಗದ ತಿರುವಿ ಹಾಕಿ, ಬಂದ ದಿನವೇ ಎಷ್ಟೋ ಜನ ಸುಳ್ಳು ಸಾವು ಬರೆಯುತ್ತಾರೆ, ಇವನು ಮೊದಲೇನಾದರೂ ಇದೇ ಕಾರಣ ಕೊಟ್ಟಿದ್ದನೋ ಎಂದು ಕೇಳಿದರು. ಕೊಟ್ಟಿದ್ದ ಎಂದರೆ ಅವನು ಅಲ್ಲೇ ಉಳಿಯುತ್ತಿದ್ದ, ಮೇಲೆ ಕೇಸು. ಫಾರ್ಮಿನಲ್ಲಿ ಹೆಸರಿದ್ದ ನನ್ನ ನೌಕರಿಯೂ ಹೋಗುತ್ತಿತ್ತು.

"ಇಲ್ಲ ಸಾಹೇಬ್ರೆ, ಇದೇ ಮೊದಲು," ಎಂದು ಹೆಡ್ ಟೀಚರು ಹಿಂದಿಯಲ್ಲಿ ಹೇಳಿ, ಕಾಗದದ ಕೆಳಗೆ ಸಹಿ ಹಾಕಿದರು.

ತಮ್ಮ ಕತ್ತಲಾಗುವ ಮುಂಚೆ ಕಾಂದಿವಲಿ ತಲುಪಿದ. ಅಪ್ಪನ ಮುಖ ನೋಡಿದ, ಬೆಂಕಿ ಕೊಟ್ಟ. ಅವನನ್ನು ಬಿಲ್ಡಿಂಗಿನ ಗೇಟಿನವರೆಗೆ ತಂದುಬಿಟ್ಟ ಹೆಡ್ ಟೀಚರು ಒಳಗೆ ಬರಲಿಲ್ಲ. ಕಿಟಕಿಯಿಂದ ಕಂಡೆ. ಗೇಟಿನಾಚೆ ಸ್ವಲ್ಪ ಹೊತ್ತು ನಿಂತು ತಿರುಗಿ ಹೋದರು.

ಹದಿನೈದು ದಿನ ಬಿಟ್ಟು ಡ್ಯೂಟಿಗೆ ಮರಳಿದಾಗ ನಾನು ಕೃತಜ್ಞತೆ ಹೇಳಲಿಲ್ಲ. ಅವತ್ತು ಬಿಟ್ಟಿದ್ದರೆ ಅವನು ನಾಲ್ಕು ದಿನ ಅಪ್ಪನ ಜೊತೆ ಇರುತ್ತಿದ್ದ ಎಂದು ಅವರ ಮುಖಕ್ಕೇ ಹೇಳಿದೆ. ಅವರು ತಪ್ಪಿಸಿಕೊಳ್ಳಲು ನೋಡಲಿಲ್ಲ.

"ಹೌದು. ಇರ್ತಿದ್ದ." ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. "ಬದುಕಿರೋ ಮನುಷ್ಯನ್ನ ಸತ್ತ ಅಂತ ಬರ್ದು ನನ್ನ ಮುಂದೆ ಇಟ್ರಿ. ಅವ್ರ ಕೈಯಲ್ಲಿ ಉಂಡೋಳು ನಾನು. ಅದಕ್ಕೆ ಸೀಲ್ ಒತ್ತೋಕೆ ನನ್ ಕೈಲಿ ಆಗ್ಲಿಲ್ಲ. ನೀನು ಬೈಯೋದಾದ್ರೆ ಬೈಕೊ."

ಬೈದುಕೊಂಡೆ. ಬಹಳ ದಿನ ಬೈದುಕೊಂಡೆ. ತಮ್ಮ ಈಗಲೂ ಅವರ ಮಾತೆತ್ತಿದರೆ ಎದ್ದು ಹೋಗುತ್ತಾನೆ. ನಾಲ್ಕು ದಿನ ಕಿತ್ತುಕೊಂಡು ಒಂದು ಸಂಜೆ ಕೊಟ್ಟಳು ಎನ್ನುತ್ತಾನೆ. ಅವನದು ತಪ್ಪು ಎಂದು ನಾನು ಇವತ್ತಿಗೂ ಹೇಳಲಾರೆ.

ಅವರು ನಿವೃತ್ತರಾದ ಮೇಲೆ ಒಮ್ಮೆಯೂ ನೋಡಲು ಹೋಗಲಿಲ್ಲ. ಕಳೆದ ವರ್ಷ ಅವರ ಮಗಳು ಫೋನ್ ಮಾಡಿ, ಅಮ್ಮ ಹೋದರು, ನಿಮ್ಮ ಹೆಸರು ಬರೆದ ಒಂದು ಲಕೋಟೆ ಇದೆ ಎಂದು ಅರ್ಧ ಕನ್ನಡ ಅರ್ಧ ಹಿಂದಿಯಲ್ಲಿ ಹೇಳಿದಳು. ಆಂಟಾಪ್ ಹಿಲ್‌ಗೆ ಹೋಗಿ ತೆಗೆದುಕೊಂಡು ಬಂದೆ. ಲೋಕಲ್ ಟ್ರೇನಿನಲ್ಲಿ ತೆರೆಯುವ ಧೈರ್ಯ ಆಗಲಿಲ್ಲ, ಮನೆಗೆ ಬಂದು ತೆರೆದೆ.

ಅದೇ ಫಾರ್ಮು. ತಮ್ಮನ ವಕ್ರವಕ್ರ ಅಕ್ಷರ, ಅಪ್ಪನ ಹೆಸರು, ಕಾರಣದ ಜಾಗದಲ್ಲಿ ಸಾವು. ಅದರ ಮೇಲೆ ಕೆಂಪು ಗೀಟು. ಅವರು ಅದನ್ನು ಹರಿದು ಹಾಕಬಹುದಿತ್ತು. ಸಿಕ್ಕಿಬಿದ್ದರೆ ಅವರ ನೌಕರಿಗೂ ಕುತ್ತು ತರುವ ಕಾಗದ ಅದು. ಆದರೆ ಗೀಟು ಹಾಕಿದ ಮೇಲೆ ಪಕ್ಕದಲ್ಲಿ ಸರಿ ಉತ್ತರ ಬರೆಯಲೇಬೇಕಲ್ಲ. ಬರೆದಿದ್ದರು, ಕನ್ನಡದಲ್ಲಿ: 'ತಂದೆ ಬದುಕಿದ್ದಾರೆ.' ಕೆಳಗೆ ಚಿಕ್ಕದಾಗಿ ಸಹಿ.

ನನ್ನ ಕಪಾಟಿನಲ್ಲಿ ಅಪ್ಪನ ಸಾವಿನ ಸರ್ಟಿಫಿಕೇಟಿನ ನಾಲ್ಕು ಪ್ರತಿಗಳಿವೆ. ಬ್ಯಾಂಕಿಗೊಂದು, ರೇಷನ್ ಕಾರ್ಡಿಗೊಂದು ಎಂದು ಮಾಡಿಸಿದ್ದು. ಅಪ್ಪ ಬದುಕಿದ್ದಾರೆ ಎಂದು ಯಾರೋ ಸಹಿ ಹಾಕಿ ಬರೆದುಕೊಟ್ಟ ಕಾಗದ ಇದೊಂದೇ. ಎಲ್ಲಕ್ಕಿಂತ ಮೇಲೆ ಅದನ್ನಿಟ್ಟಿದ್ದೇನೆ.