ಬ್ಯಾಟರಿಗೆ ಮಡಿ ನೀರು

ನಮ್ಮಲ್ಲಿ ಇನ್ನೂ ಮುಂಬಯಿ ಸರ್ಕಾರವಿದ್ದ ಕಾಲ. ಇಳಕಲ್ಲಿಗೆ ಹತ್ತಿರದ ಒಂದು ಹಳ್ಳಿಯಲ್ಲಿ ನಾನು ಶಾಲಾ ಮಾಸ್ತರನಾಗಿದ್ದೆ. ಊರಿಗೆ ಕರೆಂಟು ಬಂದಿರಲಿಲ್ಲ. ಆದರೂ ಚಾವಡಿಯಲ್ಲಿ ಸರ್ಕಾರ ಕೊಟ್ಟ ರೇಡಿಯೊ ಒಂದಿತ್ತು, ಅದು ನಡೆಯುತ್ತಿದ್ದುದು ಬ್ಯಾಟರಿಯ ಮೇಲೆ. ರೇಡಿಯೊ ಹಚ್ಚುವುದು, ಬ್ಯಾಟರಿ ಸಾಕುವುದು ಎರಡೂ ನನ್ನ ಪಾಲಿಗೆ ಬಂದಿದ್ದವು. ಸಾಕುವುದು ಎಂದೇ ಹೇಳುತ್ತೇನೆ. ಆಕಳಾದರೆ ಒಂದು ದಿನದ ಉಪವಾಸ ತಡೆದೀತು, ಬ್ಯಾಟರಿ ತಡೆಯದು.

ಮೊದಲ ಬ್ಯಾಟರಿಯನ್ನು ಚಾವಡಿಯಲ್ಲೇ ಇಟ್ಟಿದ್ದೆ. ಎಂಟು ತಿಂಗಳಿಗೆ ಸತ್ತಿತು. ಹೊಸದನ್ನು ಕೊಡುವಾಗ ರೇಡಿಯೊ ಖಾತೆಯ ಸಾಹೇಬರು ಮುಲಾಜಿಲ್ಲದೆ ಹೇಳಿದರು: "ಮಾಸ್ತರ, ಇದೂ ಕೆಟ್ಟರ ರೇಡಿಯೊ ಬ್ಯಾರೆ ಊರಿಗೆ ಕೊಡ್ತೀವಿ ನೋಡ್ರಿ." ಸಂಜೆಯಾದರೆ ಧಾರವಾಡ ಕೇಂದ್ರ ಕೇಳಲು ಅರ್ಧ ಊರೇ ಚಾವಡಿಯಲ್ಲಿ ಕೂಡುತ್ತಿತ್ತು. ರೇಡಿಯೊ ಹೋಗಿದ್ದರೆ ನಾನು ಆ ಊರಲ್ಲಿ ತಲೆಯೆತ್ತಿ ತಿರುಗುವ ಹಾಗಿರಲಿಲ್ಲ.

ಹಾಗಾಗಿ ಎರಡನೆಯ ಬ್ಯಾಟರಿಯನ್ನು ಮನೆಗೇ ತಂದೆ. ಸಂಜೆ ಚಾವಡಿಗೆ ಹೊತ್ತೊಯ್ಯುವುದು, ಮುಗಿದ ಮೇಲೆ ಹೊತ್ತು ತರುವುದು. ದನಿ ಸ್ವಲ್ಪ ಸಣ್ಣಗಾಯಿತೆಂದರೆ ಯಾರು ಎಷ್ಟು ಗೋಗರೆದರೂ ಬಂದ್. ಪೂರ್ತಿ ಖಾಲಿಯಾಗುವ ತನಕ ಹಿಂಡಬಾರದು, ಸೋತದ್ದನ್ನು ಹಾಗೇ ಇಡಬಾರದು. ಮರುದಿನದ ಬಸ್ಸಿಗೇ ಇಳಕಲ್ಲು. ಅಲ್ಲಿ ಮೋಟಾರ್ ಗ್ಯಾರೇಜಿನ ಮಿಸ್ತ್ರಿ ಎಂಜಿನ್ ಹಚ್ಚಿ ನಿಧಾನವಾಗಿ ಚಾರ್ಜು ಮಾಡುತ್ತಿದ್ದರು. ನಾನು ಅವಸರ ಮಾಡಿದರೆ, "ಸಣ್ಣ ಉರಿ ಮ್ಯಾಲ ಹಾಲು ಕಾಸಿದಂಗ ರೀ ಇದು, ಕೂಡ್ರಿ" ಎನ್ನುತ್ತಿದ್ದರು. ತುದಿಗಳಲ್ಲಿ ಬೆಳ್ಳಗೆ ಕಟ್ಟಿದರೆ ಸೋಡಾ ಬೆರೆಸಿದ ಬಿಸಿನೀರಿಂದ ಒರೆಸಿ ವ್ಯಾಸಲೀನು ಹಚ್ಚುತ್ತಿದ್ದೆ. ಒಳಗಿನ ನೀರು ಇಳಿದಾಗ ಪ್ಲೇಟು ಮುಳುಗುವಷ್ಟು ಮಾತ್ರ ಹಾಕುತ್ತಿದ್ದೆ, ಅದೂ ಬಟ್ಟಿ ಇಳಿಸಿದ ನೀರು. ಅದನ್ನು ಮೊದಲಿನಿಂದಲೂ ದವಾಖಾನೆಯ ಕಂಪೌಂಡರು ಬಾಟಲಿಯಲ್ಲಿ ತುಂಬಿ ಕೊಡುತ್ತಿದ್ದರು. ಒಂದೂವರೆ ವರ್ಷವಾದರೂ ಬ್ಯಾಟರಿ ಗಟ್ಟಿಯಾಗಿತ್ತು. ಮನೆಗೆ ಬಂದವರಿಗೆಲ್ಲ ಅದರ ಪಥ್ಯ ವಿವರಿಸಿ ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ಒಂದು ಮುಂಜಾನೆ ಅಡುಗೆಮನೆಯ ಬಾಗಿಲಿಗೆ ಬಂದು ನೋಡುತ್ತೇನೆ, ಅವ್ವ ಮಡಿಯಲ್ಲಿ ನಿಂತು, ಕಂಪೌಂಡರು ಕೊಟ್ಟ ಬಾಟಲಿ ಸೋಂಕದ ಹಾಗೆ ಮೇಲಿನಿಂದ ತಂಬಿಗೆಯ ನೀರನ್ನು ಎಳೆಧಾರೆಯಾಗಿ ಅದಕ್ಕೆ ಬಿಡುತ್ತಿದ್ದಾಳೆ.

"ಏನ್ ಮಾಡ್ಲಿಕ್ಕತ್ತಿ ಅವ್ವ?"

"ಮಡಿ ನೀರು ತುಂಬ್ತೇನಿ. ದವಾಖಾನಿ ನೀರು ಮನ್ಯಾಗ ಬ್ಯಾಡ ಅಂತ ಸ್ನಾನಕ್ಕ ಮೊದಲೇ ಚೆಲ್ಲೀನಿ."

"ಹೋದ ವಾರ ನಾ ಹಾಕಿದ್ದು?"

"ಅದೂ ಇದೇ."

ನಮ್ಮ ಬಾವಿಯ ನೀರು ಬರೀ ಸವಳು. ಉಪ್ಪು ಒಳಗೆ ಹೋದರೆ ಬ್ಯಾಟರಿಯ ಕಥೆ ಮುಗಿಯಿತೆಂದು ಮಿಸ್ತ್ರಿ ನೂರು ಸಲ ಹೇಳಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. "ನಿನ್ನ ಮಡಿಯೊಳಗ ಊರ ರೇಡಿಯೊ ಹೋತು" ಎಂದು ಒದರಿದೆ. ಅವ್ವ ತಂಬಿಗೆ ಎತ್ತಿಕೊಂಡು ಒಳಗೆ ಹೋದಳು.

ಬ್ಯಾಟರಿ, ಬಾಟಲಿ ಎರಡನ್ನೂ ಎತ್ತಿಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಸಾಹೇಬರಿಗೆ ಏನು ಉತ್ತರ ಕೊಡಲಿ ಎಂಬುದೇ ಯೋಚನೆ. ಮಿಸ್ತ್ರಿ ಮುಚ್ಚಳ ತೆಗೆದು ಒಂದೊಂದು ಖಾನೆಗೂ ಗಾಜಿನ ಪಿಚಕಾರಿ ಇಳಿಸಿ, ಆಮ್ಲ ಹೀರಿ ನೋಡಿದರು. ಅದರೊಳಗಿನ ಗಾಜಿನ ಕಡ್ಡಿ ಪ್ರತಿ ಸಲವೂ ಒಂದೇ ಎತ್ತರಕ್ಕೆ ತೇಲಿತು. ಆಮೇಲೆ ಬಾಟಲಿಯ ನಾಲ್ಕು ಹನಿಗಳನ್ನು ಕಾದ ಎಂಜಿನ್ನಿನ ತಗಡಿನ ಮೇಲೆ ಬಿಟ್ಟರು. ಚುರ್ರೆಂದು ಆರಿತು. ಕಲೆ ಉಳಿಯಲಿಲ್ಲ.

"ಇದು ಬಾವಿ ನೀರಂತ ಯಾರು ಹೇಳಿದ್ರು ನಿಮಗ? ಉಪ್ಪಿನ ಸುಳಿವಿಲ್ಲ ಇದರಾಗ. ಬ್ಯಾಟರಿ ಇನ್ನೂ ಭಾಳ ದಿನ ಬಾಳ್ತದ, ಹೋಗ್ರಿ."

ಅಲ್ಲೇ ಬಿದ್ದಿದ್ದ ಹಳೆಯ ಟಯರಿನ ಮೇಲೆ ಕೂತುಬಿಟ್ಟೆ. ಹೋದ ಜೀವ ಬಂದ ಹಾಗಾಯಿತು. ಮಿಸ್ತ್ರಿ ತರಿಸಿದ ಚಹಾ ಕುಡಿದು, ಇನ್ನೊಂದು ಕಪ್ಪು ನಾನೇ ಕೇಳಿ ಕುಡಿದೆ. ಬಸ್ಸಿನಲ್ಲಿ ಒಬ್ಬನೇ ನಗುತ್ತಿದ್ದುದನ್ನು ಕಂಡು ಪಕ್ಕದವನು ಸ್ವಲ್ಪ ಸರಿದು ಕೂತ.

ಮನೆಗೆ ಬಂದಾಗ ಅವ್ವ ಒಲೆಯ ಮುಂದಿದ್ದಳು. ಅದು ಯಾವ ನೀರು ಎಂದು ಮೆಲ್ಲಗೆ ಕೇಳಿದೆ.

"ಮಳಿ ನೀರು. ಬಾವಿ ನೀರಾಗ ಬ್ಯಾಳಿ ಎಲ್ಲಿ ಬೇಯ್ತದ?"

ಹೌದಲ್ಲ. ಮಳೆಗಾಲದಲ್ಲಿ ಅವಳು ಅಂಗಳದಲ್ಲಿ ಒಗೆದ ಧೋತರದ ನಾಲ್ಕು ಮೂಲೆ ಕಟ್ಟಿ, ನಡುವೆ ಒಂದು ಕಲ್ಲಿಟ್ಟು, ಕೆಳಗೆ ಹಂಡೆ ಇಟ್ಟು ನೀರು ಹಿಡಿಯುತ್ತಿದ್ದಳು. ವರ್ಷವೆಲ್ಲ ಆ ನೀರಲ್ಲಿ ಬೆಂದ ಸಾರು ಉಂಡವನಿಗೆ ಅದು ನೆನಪೇ ಆಗಿರಲಿಲ್ಲ.

"ಎಂದಿನಿಂದ ತುಂಬ್ತಿದ್ದಿ?"

"ನೀ ಬ್ಯಾಟರಿ ಮನಿಗೆ ತಂದಾಗಿನಿಂದ. ಮೊದಲ ಸಲ ಮಡಿಗಂತ ಚೆಲ್ಲಿದ್ದು ಖರೆ. ಅದು ಕಟ್ಟಿ ಮ್ಯಾಲ ಆರಿದ ಮ್ಯಾಲ ನೋಡಿದ್ರ ಬೆಳ್ಳಗ ಉಪ್ಪು ಉಳಿದಿತ್ತು. ನಿನ್ನ ಕಂಪೌಂಡರ ಬಾವಿ ನೀರೇ ಕೊಡ್ತಿದ್ದ."

ಮೊದಲ ಬ್ಯಾಟರಿಯನ್ನು ಕೊಂದದ್ದು ಯಾವುದು, ಎರಡನೆಯದನ್ನು ಉಳಿಸಿದ್ದು ಯಾರು ಎಂಬುದು ನನಗೆ ಆಗ ಗೊತ್ತಾಯಿತು.

"ಮತ್ತ ನನಗ್ಯಾಕ ಹೇಳ್ಲಿಲ್ಲ?"

"ಹೇಳ್ಬೇಕಂತಿದ್ದೆ. ಬಂದವರ ಮುಂದ ನೀ ಬ್ಯಾಟರಿ ಸುದ್ದಿ ಹೇಳೋವಾಗ ನಿನ್ನ ಮುಖ ನೋಡಿ ಸುಮ್ಮನಾದೆ."

ಭಾರಿ ನಾಚಿಕೆಯಾಯಿತು. ಮುಂಜಾನೆ ಒದರಿದ್ದಕ್ಕೆ ಕಾಲು ಹಿಡಿಯಬೇಕೆಂದು ಬಗ್ಗಿದೆ. ಅವಳು ಸೆರಗು ಎಳೆದುಕೊಂಡು ಹಿಂದೆ ಸರಿದಳು.

"ಮಡಿಯಾಗಿದ್ದೀನಿ, ಮುಟ್ಟಬ್ಯಾಡ. ದೂರಿಂದ ಮಾಡು."

ದೂರದಿಂದಲೇ ನಮಸ್ಕಾರ ಮಾಡಿದೆ.