ಟವಲಿನ ಕೆಳಗಿನ ಕೈ

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ರಾಯಬಾಗ ತಾಲ್ಲೂಕಿನಲ್ಲಿ ಹೆಣ್ಣುಮಕ್ಕಳಿಗೆ ಎಮ್ಮೆ ಕೊಡಿಸುವ ಯೋಜನೆಯೊಂದಿತ್ತು. ನಾನು ಅದರ ಮೇಲ್ವಿಚಾರಕಿ. ಚಿಕ್ಕೋಡಿಗೆ ತರಬೇತಿಗೆ ಬರಬೇಕೆಂದು ಆದೇಶ ಬಂದಾಗ ಗೊಣಗುತ್ತಲೇ ಹೋದೆ. ‘ಸ್ಥಳೀಯ ಆರ್ಥಿಕ ಅಭಿವೃದ್ಧಿಯಲ್ಲಿ ಮಹಿಳೆಯರ ಪಾತ್ರ’ ಎಂಬ ಬ್ಯಾನರ್ ಕಂಡೊಡನೆ ಆಕಳಿಕೆ ಬಂತು. ಅಂಥ ತರಬೇತಿಗಳನ್ನು ಬೇಕಾದಷ್ಟು ನೋಡಿದ್ದೆ. ಉಪ್ಪಿಟ್ಟು, ಭಾಷಣ, ವಂದನಾರ್ಪಣೆ, ಆಮೇಲೆ ಊರಿನ ಬಸ್ಸು.

ಕಲಿಸಲು ಬಂದವರು ನಿಪ್ಪಾಣಿ ಕಡೆಯ ನಡುವಯಸ್ಸಿನ ಹೆಂಗಸು. ಕನ್ನಡ, ಮರಾಠಿ ಎರಡನ್ನೂ ಒಂದೇ ಉಸಿರಿನಲ್ಲಿ ಆಡುತ್ತಿದ್ದರು. ನಮ್ಮ ಕಡೆ ಶಾಲೆಯ ಟೀಚರಮ್ಮನನ್ನು ಕರೆಯುವಂತೆ ನಾವೆಲ್ಲ ಅವರನ್ನು ಬಾಯಾರು ಎಂದು ಕರೆದೆವು. ಎದುರಿಗೆ ಕುಳಿತವರು ಪಶುವೈದ್ಯರು, ಹಾಲಿನ ಸಂಘಗಳ ಕಾರ್ಯದರ್ಶಿಗಳು, ವಿಸ್ತರಣಾಧಿಕಾರಿಗಳು. ನನ್ನನ್ನು ಬಿಟ್ಟರೆ ಬಹುತೇಕ ಗಂಡಸರೇ. ಬಾಯಾರು ಭಾಷಣದ ಗೋಜಿಗೇ ಹೋಗಲಿಲ್ಲ.

“ಮೇವು ಯಾರು ತರ್ತಾರ್ರಿ? ಸಗಣಿ ಯಾರು ಬಳೀತಾರ? ಹಾಲು ಯಾರು ಹಿಂಡತಾರ?” ಎಂದು ಕೇಳಿದರು.

“ಹೆಣ್ಮಕ್ಕಳ್ರಿ,” ಎಂದರು ಎಲ್ಲರೂ.

“ಬರೋಬ್ಬರಿ. ಎಮ್ಮಿ ಆರಿಸಿ ತರೋರು?”

ಒಬ್ಬ ಕಾರ್ಯದರ್ಶಿ, “ದನದ ಪ್ಯಾಟಿಗೆ ಹೆಣ್ಮಕ್ಕಳು ಹೆಂಗ ಬರ್ತಾರ್ರಿ ಬಾಯಾರ?” ಎಂದ.

“ಅದನ್ನಽ ನೋಡೂಣು ನಡೀರಿ. ಪಾಠ ಇಲ್ಲಿಲ್ಲ, ಅಲ್ಲೈತಿ,” ಎಂದು ಬಾಯಾರು ನಕ್ಕರು. ಆಗಲೇ ನನ್ನ ಆಕಳಿಕೆ ನಿಂತದ್ದು.

ಪೇಟೆಗೆ ಕರೆದೊಯ್ಯಲು ನಾನು ಆರಿಸಿದ್ದು ದಿಗ್ಗೇವಾಡಿಯ ಒಬ್ಬಳನ್ನು. ಗಂಡ ಇಚಲಕರಂಜಿಯ ಮಗ್ಗದಲ್ಲಿದ್ದ. ಹಿಂದಿನ ವರ್ಷ ಮೈದುನ ಕೋಡಿನ ಅಂದಕ್ಕೆ ಮರುಳಾಗಿ ತಂದ ಎಮ್ಮೆ ಅವಳನ್ನು ಹತ್ತಿರಕ್ಕೇ ಬಿಟ್ಟುಕೊಂಡಿರಲಿಲ್ಲ. ಒದೆ ತಿಂದು ತಿಂದು ಕಡೆಗೆ ಮಾರಿದ್ದಳು. ಯೋಜನೆಯಲ್ಲಿ ಅವಳಿಗೆ ಇನ್ನೊಂದೇ ಅವಕಾಶವಿತ್ತು. ಇದೂ ಕೈಕೊಟ್ಟರೆ ಪಟ್ಟಿಯಿಂದ ಅವಳ ಹೆಸರು ಹೋಗಿ, ಮತ್ತೆ ಯಾರದೋ ಕಬ್ಬಿನಲ್ಲಿ ಕಳೆ ತೆಗೆಯುವುದೇ ಗತಿ.

ಸಂತೆಯ ದಿನ ಅವಳನ್ನೂ ಅವಳ ಮೈದುನನನ್ನೂ ಕರೆದುಕೊಂಡು ಅಥಣಿ ಕಡೆಯ ದನದ ಪೇಟೆಗೆ ಬಂದಿಳಿದೆವು. ನಮ್ಮ ಸಾಹೇಬರುಗಳ ಮರ್ಯಾದೆ ನೋಡಬೇಕಿತ್ತು! ಬೇವಿನ ನೆರಳಿನಲ್ಲಿ ಕುರ್ಚಿ ಹಾಕಿಸಿ, “ಕುಂಡ್ರವಾ ತಂಗಿ, ಬಿಸಲಾಗ ಅಡ್ಡ್ಯಾಡಬ್ಯಾಡ,” ಎಂದು ಅವಳನ್ನು ಕೂರಿಸಿ, ಕೈಗೆ ಚಹಾ ಕೊಟ್ಟು, ಎಮ್ಮೆ ನೋಡಲು ತಾವೇ ಹೊರಟರು. ಹೆಣ್ಣುಮಕ್ಕಳನ್ನು ಪೇಟೆಗೆ ಕರೆತಂದೆವಲ್ಲ ಎಂಬ ಸಂತೋಷ ಅವರ ಮುಖದಲ್ಲಿ ಉಕ್ಕುತ್ತಿತ್ತು.

ಬಾಯಾರು ಸಿಟ್ಟಾಗಲಿಲ್ಲ. ಅವಳ ಪಕ್ಕದಲ್ಲಿ ನೆಲದ ಮೇಲೆ ಕುಳಿತು, “ಚಹಾ ಛಲೋ ಐತೇನ? ಮುಗಿಸಿ ನಡಿ. ಕುರ್ಚಿ ಹಾಲು ಕೊಡೂದಿಲ್ಲ,” ಎಂದರು. ಅವಳು ಫಕ್ಕನೆ ನಕ್ಕು, ಚಹಾ ಅರ್ಧಕ್ಕೇ ಬಿಟ್ಟು ಎದ್ದಳು. ಪಶುವೈದ್ಯರು ಕಿವಿಯವರೆಗೂ ಕೆಂಪಾದರು. ಆದರೂ ದೊಡ್ಡ ಮನುಷ್ಯ, “ನಡೀಯವಾ, ರೋಗ-ರುಜಿನ ನಾ ನೋಡತೇನಿ, ಉಳದದ್ದು ನೀ ನೋಡು,” ಎಂದು ಜೊತೆಗೆ ನಡೆದರು.

ಅವಳು ಒಂದೊಂದು ಎಮ್ಮೆಯ ಬಳಿಯೂ ಮಾತಾಡಿಸುತ್ತ, ಬೆನ್ನು ಸವರುತ್ತ ಹೋದಳು. ಕಡೆಗೆ ಐಗಳಿಯ ರೈತನೊಬ್ಬನ ಎಮ್ಮೆಯ ಹತ್ತಿರ ಕುಳಿತು ಕೆಚ್ಚಲಿಗೆ ಕೈ ಹಾಕಿದಳು. ಎಮ್ಮೆ ಅಲುಗದೆ ಹಾಲು ಬಿಟ್ಟಿತು. ವೈದ್ಯರೂ ತಲೆಯಾಡಿಸಿದರು. ಅಲ್ಲಿಂದಲೇ ನಿಜವಾದ ತೊಡಕು ಶುರುವಾದದ್ದು.

ಆ ಪೇಟೆಯಲ್ಲಿ ಬೆಲೆಯನ್ನು ಬಾಯಿಂದ ಆಡುವುದಿಲ್ಲ. ದಲಾಲಿ ಟವಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ಹೇಳುತ್ತಾನೆ. ದಲಾಲಿ ಹೆಗಲ ಮೇಲಿನ ಟವಲು ತೆಗೆದು ರೂಢಿಯಂತೆ ಮೈದುನನ ಕಡೆ ಕೈ ಚಾಚಿದ. ಮೈದುನನೂ ಚಾಚಿದ.

“ತಮ್ಮಾ, ಕೈ ತಗಿ,” ಎಂದಳು ಅವಳು. “ವ್ಯಾಪಾರ ನಂದೈತಿ.”

ದಲಾಲಿ ಬೆವರಿದ. “ತಂಗೀ, ಹೆಣ್ಮಕ್ಕಳ ಕೈ ಹಿಡದು ನಾವು ವ್ಯಾಪಾರ ಮಾಡಿದವರಲ್ಲವಾ.”

“ಹಿಡೀಬ್ಯಾಡ್ರಿ ಅಣ್ಣಾರ. ಬಾಯಿಲೆ ಹೇಳ್ರಿ, ನಾನೂ ಬಾಯಿಲೆ ಹೇಳತೇನಿ.”

“ಎಲ್ಲಾರ ಮುಂದ? ಪ್ಯಾಟಿ ರೀತಿ ಕೆಡತೈತಿ!”

ನನಗೆ ಮೈಯೆಲ್ಲ ಉರಿಯಿತು. ಬಾಯಿ ಹಾಕಲು ಹೊರಟವಳ ಮುಂಗೈಯನ್ನು ಬಾಯಾರು ಗಟ್ಟಿಯಾಗಿ ಹಿಡಿದು, “ಸುಮ್ಮನಿರ್ರಿ. ಅಕಿ ಮಾತಾಡಾಕತ್ತಾಳಲ್ಲಾ,” ಎಂದು ಪಿಸುಗುಟ್ಟಿದರು. ಜೀವನವಿಡೀ ಹೆಣ್ಣುಮಕ್ಕಳ ಪರವಾಗಿ ಮಾತಾಡಿದವರು, ಮಾತಾಡಬೇಕೆನಿಸುವ ಗಳಿಗೆಯಲ್ಲಿ ಹೀಗೆ ಸುಮ್ಮನಿರಬಲ್ಲರು ಎಂಬುದನ್ನು ನಾನು ಬೇರೆ ಯಾರಲ್ಲೂ ಕಂಡಿಲ್ಲ. ಆ ತರಬೇತಿಯಲ್ಲಿ ನಾನು ಕಲಿತದ್ದು ಮುಖ್ಯವಾಗಿ ಅದನ್ನೇ.

ಅವಳು ಹಗ್ಗದ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದಳು. ಬಿಡಲಿಲ್ಲ. ಕೊನೆಗೆ ಐಗಳಿಯ ರೈತನೇ ಬೇಸತ್ತು, “ಸರೀಲೇ ಅತ್ತಾಗ,” ಎಂದು ದಲಾಲಿಯನ್ನು ಪಕ್ಕಕ್ಕೆ ತಳ್ಳಿದ. “ನನ್ನ ಎಮ್ಮೀದೇನು ಮುಚ್ಚಿಡೂದೈತಿ? ಕೇಳವಾ, ನಾ ಹೇಳತೇನಿ,” ಎಂದು ಬೆಲೆಯನ್ನು ಕೂಗಿಯೇ ಹೇಳಿದ. ಅವಳೂ ಕೂಗಿಯೇ ಇಳಿಸಿದಳು. ಇಬ್ಬರೂ ಜಗಳವಾಡುವವರ ಹಾಗೆ ಚೌಕಾಶಿ ಮಾಡಿ ನಗುತ್ತ ಮುಗಿಸಿದರು. ಪೇಟೆಗೆ ಪೇಟೆಯೇ ಬಾಯಿಬಿಟ್ಟು ನೋಡಿತು. ದಲಾಲಿ ಮಾತ್ರ ಟವಲು ಕೊಡವಿ ನಮಗೆಲ್ಲ ಹಿಡಿಶಾಪ ಹಾಕುತ್ತ ಹೋದ.

ಸಂಜೆಗೆ ಟೆಂಪೋದಲ್ಲಿ ಎಮ್ಮೆಯನ್ನೂ ಅದರ ಕರುವನ್ನೂ ದಿಗ್ಗೇವಾಡಿಗೆ ತಂದೆವು. ಊರ ಮುಂದೆ ಇಳಿಸಿಕೊಂಡು, ಹಗ್ಗ ಹಿಡಿದು ಅವಳೇ ಓಣಿಯಲ್ಲಿ ನಡೆದಳು. ಮೈದುನ ಕರು ನಡೆಸಿಕೊಂಡು ಹಿಂದೆ ಬಂದ. ಬಾಗಿಲಲ್ಲಿ ಅತ್ತೆ ತುಂಬಿದ ತಂಬಿಗೆ ಹಿಡಿದು ನಿಂತಿದ್ದಳು. ಹೊಸ ದನ ಬಂದರೆ ಅದರ ಕಾಲಿಗೆ ನೀರು ಹಾಕುತ್ತಾರೆ. ತಂದ ಗಂಡಸಿನ ಕಾಲಿಗೂ ಹಾಕುತ್ತಾರೆ. ಮುದುಕಿ ಎಮ್ಮೆಯ ಕಾಲಿಗೆ ನೀರು ಹಾಕಿ, ಹಣೆಗೆ ಕುಂಕುಮ ಹಚ್ಚಿ, ತಲೆಯೆತ್ತಿ ಕರು ಹಿಡಿದು ನಿಂತ ಮಗನನ್ನು ನೋಡಿದಳು. ಸೊಸೆಯ ಕೈಯಲ್ಲಿದ್ದ ಹಗ್ಗವನ್ನೂ ನೋಡಿದಳು. ಆಮೇಲೆ ಬಗ್ಗಿ ಸೊಸೆಯ ಕಾಲಿಗೆ ನೀರು ಹಾಕಿದಳು.

ಅಷ್ಟು ದೊಡ್ಡ ಪೇಟೆಯಲ್ಲಿ ಹಿಂಜರಿಯದವಳು ಗಾಬರಿಯಾಗಿ ಕಾಲು ಹಿಂದಕ್ಕೆ ಎಳೆದುಕೊಂಡಳು.

“ನಿಂದ್ರ ಬೇ, ತಂದಾಕಿ ನೀನಽ ಅಲ್ಲ?” ಎಂದು ಗದರಿಸಿ, ಮುದುಕಿ ತಂಬಿಗೆಯಲ್ಲಿ ಉಳಿದಿದ್ದ ನೀರನ್ನೂ ಅವಳ ಕಾಲಿಗೇ ಸುರಿದಳು.