ಮಡಿಸದೆ ಬರೆದ ಚಿತ್ರ

ಸುಲ್ತಾನ್‌ಪೇಟೆಯ ಅಂಗಡಿಯೊಂದರಲ್ಲಿ ಕಲಾವಿದರೊಬ್ಬರು ಲಗ್ನಪತ್ರಿಕೆಗಳಿಗೆ ಚಿತ್ರ ಬರೆಯುತ್ತಿದ್ದರು. ಕಂಪ್ಯೂಟರ್ ಬಂದ ಮೇಲೂ ಅಂಚಿನ ಬಳ್ಳಿ ಮಾತ್ರ ಕೈಯಲ್ಲೇ ಆಗಬೇಕು. ಪೆನ್ಸಿಲ್ಲಿನಲ್ಲಿ ಅರ್ಧ ಬರೆದು, ಹಾಳೆ ಮಡಿಸಿ ಉಗುರಿನಿಂದ ಉಜ್ಜಿದರೆ ಇನ್ನರ್ಧ ತಾನಾಗಿ ಮೂಡುತ್ತಿತ್ತು. "ಗಂಡಿನ ಕಡೆ, ಹೆಣ್ಣಿನ ಕಡೆ ಎರಡೂ ಸಮ ಇರ್ಬೇಕು ಮೇಡಂ," ಎನ್ನುತ್ತಿದ್ದರು, ಕನ್ನಡಕವನ್ನು ಹಣೆಗೇರಿಸಿ.

ನನ್ನ ಪಿಎಚ್‌ಡಿ ಪ್ರಬಂಧಕ್ಕೊಂದು ಚಿತ್ರ ಬೇಕಾಗಿತ್ತು. ಕೆಲವು ಬ್ಯಾಕ್ಟೀರಿಯಾಗಳಿಗೆ ಪ್ರೋಟೀನಿನಿಂದಲೇ ಆದ ಟೊಳ್ಳು ಸೂಜಿಯಿರುತ್ತದೆ. ಅದರ ಮೂಲಕ ಅವು ತಮ್ಮ ಬೇರೆ ಪ್ರೋಟೀನುಗಳನ್ನು ನಮ್ಮ ಜೀವಕೋಶದೊಳಕ್ಕೆ ನೂಕುತ್ತವೆ. ಸೂಕ್ಷ್ಮದರ್ಶಕದ ಫೋಟೋಗಳನ್ನೂ ನಾನೇ ಗೀಚಿದ ಕರಡನ್ನೂ ಅವರಿಗೆ ಕೊಟ್ಟು ಬಂದೆ.

ವಾರ ಬಿಟ್ಟು ಹೋದರೆ, ಅಭ್ಯಾಸಬಲದಿಂದ ಹಾಳೆ ಮಡಿಸಿಯೇ ಬರೆದಿದ್ದರು: ಸೂಜಿಯ ಎರಡೂ ತುದಿಗೆ ಒಂದೊಂದು ಬ್ಯಾಕ್ಟೀರಿಯಾ!

"ಸಾರ್, ಈ ಕಡೆ ಬ್ಯಾಕ್ಟೀರಿಯಾ, ಆ ಕಡೆ ನಾವು," ಎಂದೆ, ಸ್ವಲ್ಪ ಸಿಡುಕಿನಿಂದಲೇ.

"ಓ, ಸಮ ಅಲ್ವಾ ಇದು?" ಎಂದು ಹೊಸ ಹಾಳೆ ತೆಗೆದುಕೊಂಡರು. ಈ ಸಲ ಮಡಿಸಲಿಲ್ಲ. ಭೂತಗನ್ನಡಿ ಹಿಡಿದು ಫೋಟೋ ನೋಡುತ್ತ ಬರೆದರು. ಸೂಜಿಯ ತುದಿ ತಾಗುವಲ್ಲಿ ನಮ್ಮ ಜೀವಕೋಶದ ಪೊರೆ ಮೇಲಕ್ಕೆ, ಸೂಜಿಯ ಕಡೆಗೆ ಬಾಗಿತು. ನನ್ನ ಕರಡಿನಲ್ಲಿ ಅದು ನೇರ ಗೆರೆ.

"ಚುಚ್ಚಿದ್ರೆ ಒಳಕ್ಕೆ ತಗ್ಗಾಗ್ಬೇಕಲ್ವಾ ಸಾರ್?"

"ನಾನೂ ಹಂಗೇ ಅನ್ಕೊಂಡೆ ಮೇಡಂ. ಆದ್ರೆ ನಿಮ್ ಫೋಟೋದಲ್ಲಿ ಹಿಂಗಿದೆ, ನೋಡಿ."

ನೋಡಿದೆ. ಎಲ್ಲ ಫೋಟೋಗಳಲ್ಲೂ ಹಾಗೇ ಇತ್ತು. ನಾಲ್ಕು ವರ್ಷ ನಾನು ಅದನ್ನು ಮಸುಕು ಎಂದುಕೊಂಡು, ಗೆರೆಯನ್ನು ನೇರ ಮಾಡುತ್ತ ಬಂದಿದ್ದೆ.